ಚಳಿಗಾಲದ ಕೊನೆಯ ಬಿರುಮಳೆಗಳ ಅಲ್ಪಾವಧಿ ಮುನ್ಸೂಚನೆ

ಚಳಿಗಾಲದ ಕೊನೆಯ ಬಿರುಮಳೆಗಳ ಅಲ್ಪಾವಧಿ ಮುನ್ಸೂಚನೆ ಎಂದರೆ ಫೆಬ್ರುವರಿಯಿಂದ ಮಾರ್ಚ್ ಮಧ್ಯದವರೆಗೆ ಭಾರತದ ಬೇರೆ ಬೇರೆ ಭಾಗಗಳಲ್ಲಿ ಬರುವ ಅಕಾಲಿಕ ಮಳೆ, ಹಿಮಪಾತ, ಗುಡುಗು-ಸಿಡಿಲು, ಆಲಿಕಲ್ಲು ಮತ್ತು ಬಿರುಗಾಳಿಗಳನ್ನು ಮೂರು ದಿನಗಳ ಮಿತಿಯೊಳಗೆ ಮೊದಲೇ ತಿಳಿಸುವ ಹವಾಮಾನ ಸೇವೆ. ದೇಶಮಟ್ಟದಲ್ಲಿ ಇದನ್ನು ಭಾರತ ಹವಾಮಾನ ಇಲಾಖೆ ನೀಡುತ್ತದೆ. ಕರ್ನಾಟಕದಲ್ಲಿ ಇಲಾಖೆಯ ಬೆಂಗಳೂರು ಹವಾಮಾನ ಕೇಂದ್ರ ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಗಳು ಇದನ್ನು ಜಿಲ್ಲೆ, ತಾಲ್ಲೂಕು ಮತ್ತು ಗ್ರಾಮ ಪಂಚಾಯಿತಿಗಳಿಗೆ ತಲುಪಿಸುತ್ತವೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಎರೆಭೂಮಿಯಲ್ಲಿ, ಯಾವಗಲ್‌ನಂಥ ಊರುಗಳಲ್ಲಿ, ಹಿಂಗಾರಿ ಬೆಳೆಯ ಕೊಯ್ಲು ಮತ್ತು ರಾಶಿ ಈ ವಾರಗಳಲ್ಲೇ ನಡೆಯುವುದರಿಂದ ಅಲ್ಲಿ ಈ ಮುನ್ಸೂಚನೆಗೆ ನೇರವಾದ ಉಪಯೋಗವಿದೆ.

ವ್ಯಾಪ್ತಿ ಮತ್ತು ಕಾಲಮಿತಿ

ಭಾರತ ಹವಾಮಾನ ಇಲಾಖೆ ವರ್ಷವನ್ನು ನಾಲ್ಕು ಋತುಗಳಾಗಿ ಲೆಕ್ಕ ಹಾಕುತ್ತದೆ: ಜನವರಿ-ಫೆಬ್ರುವರಿ ಚಳಿಗಾಲ, ಮಾರ್ಚ್‌ನಿಂದ ಮೇವರೆಗೆ ಮುಂಗಾರು ಪೂರ್ವ ಕಾಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು. ಈ ಲೇಖನದಲ್ಲಿ ಹೇಳುವ ಬಿರುಮಳೆಗಳು ಮೊದಲ ಎರಡು ಋತುಗಳ ಸಂಧಿಕಾಲಕ್ಕೆ ಸೇರಿದವು. 1971ರಿಂದ 2020ರವರೆಗಿನ ಸರಾಸರಿಯ ಪ್ರಕಾರ ಜನವರಿ-ಫೆಬ್ರುವರಿಯಲ್ಲಿ ದೇಶಕ್ಕೆ ಬೀಳುವ ಮಳೆ 39.8 ಮಿ.ಮೀ. ಮಾತ್ರ, ಮುಂಗಾರಿನ ನಾಲ್ಕು ತಿಂಗಳ ಸರಾಸರಿ 868.6 ಮಿ.ಮೀ. ಪ್ರಮಾಣ ಚಿಕ್ಕದಾದರೂ ಬೆಳೆ ಕೈಗೆ ಬರುವ ಹೊತ್ತಿನಲ್ಲಿ ಬೀಳುವುದರಿಂದ ಈ ಮಳೆಯ ಪರಿಣಾಮ ದೊಡ್ಡದು.

ಕಾಲಮಿತಿಯ ಆಧಾರದಲ್ಲಿ ಇಲಾಖೆಯ ಮುನ್ಸೂಚನೆಗಳು ಹೀಗಿವೆ:

– ನೌಕಾಸ್ಟ್ ಅಥವಾ ತಕ್ಷಣದ ಮುನ್ಸೂಚನೆ: ಮುಂದಿನ ಕೆಲವೇ ಗಂಟೆಗಳಿಗೆ, ಸಾಮಾನ್ಯವಾಗಿ ಮೂರು ಗಂಟೆಗಳಿಗೊಮ್ಮೆ ಹೊಸದು ಬರುತ್ತದೆ.
– ಅಲ್ಪಾವಧಿ: ಮೂರು ದಿನಗಳವರೆಗೆ.
– ಮಧ್ಯಮಾವಧಿ: ಮೂರರಿಂದ ಹತ್ತು ದಿನ.
– ವಿಸ್ತರಿತ ಅವಧಿ: ಹತ್ತು ದಿನದಿಂದ ಒಂದು ತಿಂಗಳು.
– ದೀರ್ಘಾವಧಿ: ಒಂದು ತಿಂಗಳಿಗೂ ಮೀರಿದ್ದು, ಮುಂಗಾರಿನ ಒಟ್ಟು ಮಳೆಯ ಅಂದಾಜು ಈ ಬಗೆಯದು.

ಮುನ್ಸೂಚನೆಯಲ್ಲಿ ‘ಮೊದಲ ದಿನ’ ಎಂದರೆ ನಡುರಾತ್ರಿಯಿಂದ ನಡುರಾತ್ರಿಯವರೆಗಿನ ದಿನವಲ್ಲ. ಮಳೆಮಾಪಕದ ನೀರನ್ನು ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆಯುವ ಪದ್ಧತಿ ಇರುವುದರಿಂದ ಹವಾಮಾನದ ದಿನ ಬೆಳಿಗ್ಗೆ 8.30ಕ್ಕೆ ಆರಂಭವಾಗಿ ಮರುದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಸೋಮವಾರ ರಾತ್ರಿ ಸುರಿದ ಮಳೆ ದಾಖಲೆಯಲ್ಲಿ ಮಂಗಳವಾರ ಬೆಳಗಿನ ಮಳೆಯಾಗಿ ಕಾಣುವುದು ಇದರಿಂದಲೇ.

ಉಗಮ ಮತ್ತು ಬೆಳವಣಿಗೆ

ದೂರದ ಊರುಗಳ ಹವೆಯನ್ನು ಏಕಕಾಲದಲ್ಲಿ ತಿಳಿಯಲು ತಂತಿ ವ್ಯವಸ್ಥೆ ಬಂದ ಮೇಲೆಯೇ ಅಲ್ಪಾವಧಿ ಮುನ್ಸೂಚನೆ ಸಾಧ್ಯವಾಯಿತು. ಬ್ರಿಟನ್ನಿನಲ್ಲಿ ರಾಬರ್ಟ್ ಫಿಟ್ಜ್‌ರಾಯ್ 1861ರಲ್ಲಿ ಪತ್ರಿಕೆಯ ಮೂಲಕ ಸಾರ್ವಜನಿಕರಿಗೆ ಮುನ್ಸೂಚನೆ ಕೊಡತೊಡಗಿದ. ಭಾರತದಲ್ಲಿ 1864ರ ಕಲ್ಕತ್ತಾ ಚಂಡಮಾರುತ ಮತ್ತು ಅದರ ಬೆನ್ನಿಗೇ ಬಂದ ಬರಗಾಲಗಳ ಬಳಿಕ, 1875ರಲ್ಲಿ ಭಾರತ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಹೆನ್ರಿ ಫ್ರಾನ್ಸಿಸ್ ಬ್ಲ್ಯಾನ್‌ಫರ್ಡ್ ಅದರ ಮೊದಲ ಮುಖ್ಯಸ್ಥ. ಕಲ್ಕತ್ತಾದಲ್ಲಿದ್ದ ಕೇಂದ್ರ ಕಚೇರಿ 1905ರಲ್ಲಿ ಸಿಮ್ಲಾಕ್ಕೆ, 1928ರಲ್ಲಿ ಪುಣೆಗೆ, 1944ರಲ್ಲಿ ದೆಹಲಿಗೆ ಸ್ಥಳಾಂತರಗೊಂಡಿತು. ಕೃಷಿ ಹವಾಮಾನ ವಿಭಾಗ 1932ರಲ್ಲಿ ಪುಣೆಯಲ್ಲಿ ಆರಂಭವಾಯಿತು. 1945ರಿಂದ ರೈತರಿಗಾಗಿ ಬಾನುಲಿಯಲ್ಲಿ ಹವಾಮಾನ ವರದಿ ಬಿತ್ತರವಾಗತೊಡಗಿತು.

ಹವೆಯನ್ನು ಗಣಿತ ಸಮೀಕರಣಗಳಿಂದ ಲೆಕ್ಕ ಹಾಕಬಹುದೆಂಬ ವಿಚಾರವನ್ನು ನಾರ್ವೆಯ ವಿಲ್ಹೆಲ್ಮ್ ಬ್ಯರ್ಕ್ನೆಸ್ 1904ರಲ್ಲಿ ಮುಂದಿಟ್ಟ. ಲೂಯಿಸ್ ಫ್ರೈ ರಿಚರ್ಡ್‌ಸನ್ 1922ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆ ಲೆಕ್ಕವನ್ನು ಕೈಯಿಂದಲೇ ಮಾಡಿ ತೋರಿಸಿದ. ಫಲಿತಾಂಶ ತಪ್ಪಾಗಿತ್ತು, ಆದರೆ ವಿಧಾನ ಉಳಿಯಿತು. 1950ರಲ್ಲಿ ಅಮೆರಿಕದ ಎನಿಯಾಕ್ ಗಣಕಯಂತ್ರದಲ್ಲಿ ಮೊದಲ ಗಣಕ ಮುನ್ಸೂಚನೆ ಸಿದ್ಧವಾಯಿತು. ಭಾರತದಲ್ಲಿ ಈ ಕೆಲಸಕ್ಕೆಂದೇ 1988ರಲ್ಲಿ ರಾಷ್ಟ್ರೀಯ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರ ಹುಟ್ಟಿತು. ಇಂದು ಅದು ನೋಯ್ಡಾದಲ್ಲಿದೆ. 2006ರಲ್ಲಿ ಭೂವಿಜ್ಞಾನ ಸಚಿವಾಲಯ ರಚನೆಯಾಗಿ, ಹವಾಮಾನ ಇಲಾಖೆ, ಈ ಕೇಂದ್ರ ಹಾಗೂ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ಒಂದೇ ಆಡಳಿತದಡಿ ಬಂದವು.

ಬಿರುಮಳೆಗಳ ಸ್ವರೂಪ

ಪಶ್ಚಿಮದ ಕ್ಷೋಭೆ. ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಎಂದು ವರದಿಗಳಲ್ಲಿ ಬರುವ ಇದು ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಹುಟ್ಟಿ, ಎತ್ತರದ ಉಪೋಷ್ಣ ಪಶ್ಚಿಮ ಜೆಟ್ ಗಾಳಿಯೊಂದಿಗೆ ಇರಾನ್, ಆಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಭಾರತಕ್ಕೆ ಬರುವ ಕಡಿಮೆ ಒತ್ತಡದ ವ್ಯವಸ್ಥೆ. ಚಳಿಗಾಲದಲ್ಲಿ ತಿಂಗಳಿಗೆ ಸರಾಸರಿ ನಾಲ್ಕರಿಂದ ಆರು ಬರುತ್ತವೆ. ಕಾಶ್ಮೀರ, ಲಡಾಖ್, ಹಿಮಾಚಲ ಪ್ರದೇಶ, ಉತ್ತರಾಖಂಡಗಳಲ್ಲಿ ಹಿಮ, ಪಂಜಾಬ್, ಹರಿಯಾಣ, ಉತ್ತರ ರಾಜಸ್ಥಾನಗಳ ಬಯಲಿನಲ್ಲಿ ಮಳೆ ಬೀಳಲು ಇದೇ ಮುಖ್ಯ ಕಾರಣ. ಹದವಾಗಿ ಬಿದ್ದರೆ ಗೋದಿಗೆ ಅನುಕೂಲ. ಆಲಿಕಲ್ಲು, ಗಾಳಿಯೊಡನೆ ಬಂದರೆ ತೆನೆ ನೆಲ ಕಚ್ಚುತ್ತದೆ. ಕ್ಷೋಭೆ ಮುಂದೆ ಸಾಗಿದ ಬಳಿಕ ವಾಯುವ್ಯದಿಂದ ಒಣ ತಂಗಾಳಿ ಬೀಸಿ ಉತ್ತರದ ಬಯಲಿನಲ್ಲಿ ಮಂಜು ಹಾಗೂ ಶೀತಗಾಳಿ ಉಂಟಾಗುತ್ತವೆ.

ದಕ್ಷಿಣ ಒಳನಾಡಿನ ಗುಡುಗು ಮಳೆ. ಪಶ್ಚಿಮದ ಕ್ಷೋಭೆಗಳು ಸಾಮಾನ್ಯವಾಗಿ ಕರ್ನಾಟಕದವರೆಗೆ ಇಳಿಯುವುದಿಲ್ಲ. ಇಲ್ಲಿ ಮಳೆ ತರುವುದು ಎರಡು ಗಾಳಿಗಳ ಸಂಗಮ. ಫೆಬ್ರುವರಿ-ಮಾರ್ಚ್‌ನಲ್ಲಿ ಬಂಗಾಳ ಕೊಲ್ಲಿಯ ಮೇಲಿನ ಅಧಿಕ ಒತ್ತಡದ ಸುಳಿಯಿಂದ ತೇವಭರಿತ ಆಗ್ನೇಯ ಗಾಳಿ ಒಳನಾಡಿಗೆ ಬರುತ್ತದೆ. ಅರಬ್ಬಿ ಸಮುದ್ರದ ಕಡೆಯಿಂದ ವಾಯುವ್ಯ ಗಾಳಿ ಬೀಸುತ್ತದೆ. ಇವೆರಡು ಎದುರಾಗುವ ರೇಖೆ ವಿದರ್ಭ, ಮರಾಠವಾಡಾಗಳಿಂದ ಕರ್ನಾಟಕದ ಒಳನಾಡಿನ ಮೂಲಕ ತಮಿಳುನಾಡಿನತ್ತ ಚಾಚಿರುತ್ತದೆ. ಇದನ್ನು ಗಾಳಿ ಸಂಗಮ ರೇಖೆ ಎನ್ನಬಹುದು. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿ ಈ ರೇಖೆಯ ಬಳಿ ಇನ್ನಷ್ಟು ಮೇಲಕ್ಕೆ ನೂಕಲ್ಪಡುತ್ತದೆ. ಅದೇ ಹೊತ್ತಿಗೆ ಎತ್ತರದಲ್ಲಿ ಪಶ್ಚಿಮದ ತಣ್ಣನೆಯ ಗಾಳಿಯ ತಗ್ಗು ದಕ್ಷಿಣಕ್ಕೆ ಬಾಗಿದ್ದರೆ ಕೆಳಗಿನ ಬಿಸಿಗೂ ಮೇಲಿನ ತಂಪಿಗೂ ಅಂತರ ಹೆಚ್ಚಿ, ಮಧ್ಯಾಹ್ನದ ಬಳಿಕ ಮೋಡಗಳು ಗೋಪುರದಂತೆ ಬೆಳೆಯುತ್ತವೆ. ಗುಡುಗು ಮಳೆ ಬಹುತೇಕ ಇಳಿಹೊತ್ತಿಗೆ, ಸಂಜೆಗೆ ಬರುವುದಕ್ಕೆ ಇದೇ ಕಾರಣ.

ಆಲಿಕಲ್ಲು. ಗುಡುಗು ಮೋಡದೊಳಗಿನ ಮೇಲ್ಮುಖ ಗಾಳಿ ನೀರಹನಿಗಳನ್ನು ಘನೀಕರಣ ಮಟ್ಟದ ಮೇಲಕ್ಕೆ ಒಯ್ಯುತ್ತದೆ. ಅಲ್ಲಿ ಹೆಪ್ಪುಗಟ್ಟಿದ ಹರಳಿಗೆ ಅತಿಶೀತಲ ಹನಿಗಳು ಅಂಟಿಕೊಂಡು ಪದರ ಪದರವಾಗಿ ಬೆಳೆದು, ಗಾಳಿ ಹೊರಲಾರದಷ್ಟು ತೂಕ ಬಂದಾಗ ಆಲಿಕಲ್ಲುಗಳಾಗಿ ಕೆಳಗೆ ಬೀಳುತ್ತವೆ. ಚಳಿಗಾಲದ ಕೊನೆಯಲ್ಲಿ ಘನೀಕರಣ ಮಟ್ಟ ಮುಂಗಾರಿಗಿಂತ ಕೆಳಗಿರುವುದರಿಂದ, ನೆಲ ತಲುಪುವ ಮೊದಲು ಅವು ಪೂರ್ತಿ ಕರಗುವುದಿಲ್ಲ.

ಪೂರ್ವ ಭಾರತದ ಬಿರುಗಾಳಿ. ಬಂಗಾಳ, ಬಿಹಾರ, ಜಾರ್ಖಂಡ್, ಒಡಿಶಾ, ಅಸ್ಸಾಂಗಳಲ್ಲಿ ಮಾರ್ಚ್‌ನಿಂದ ‘ಕಾಲಬೈಶಾಖಿ’ ಎಂಬ ವಾಯುವ್ಯ ಬಿರುಗಾಳಿಗಳು ಆರಂಭವಾಗುತ್ತವೆ. ಇವು ಮುಖ್ಯವಾಗಿ ಮುಂಗಾರು ಪೂರ್ವ ಕಾಲದವು. ಚಳಿಗಾಲದ ಕೊನೆಯಲ್ಲಿ ಅವುಗಳ ಮೊದಲ ಸುತ್ತು ಕಾಣಿಸಿಕೊಳ್ಳಬಹುದು.

ಮುನ್ಸೂಚನೆ ಸಿದ್ಧವಾಗುವ ಬಗೆ

ವೀಕ್ಷಣೆ. ನೆಲದ ವೀಕ್ಷಣಾಲಯಗಳು ದಿನದ ನಿಗದಿತ ಹೊತ್ತುಗಳಲ್ಲಿ ಒತ್ತಡ, ಉಷ್ಣಾಂಶ, ತೇವಾಂಶ, ಗಾಳಿ, ಮೋಡ, ಮಳೆಗಳನ್ನು ದಾಖಲಿಸುತ್ತವೆ. ಗದಗದಲ್ಲೂ ಇಲಾಖೆಯ ವೀಕ್ಷಣಾಲಯವಿದೆ. ಉಪಕರಣ ಕಟ್ಟಿದ ಬಲೂನುಗಳನ್ನು ಬೆಳಗಿನ ಜಾವ 5.30ರ ಮತ್ತು ಸಂಜೆ 5.30ರ ವೀಕ್ಷಣೆಗಾಗಿ ಹಾರಿಸಿ ಎತ್ತರದ ಹವೆಯನ್ನು ಅಳೆಯುತ್ತಾರೆ; ಕರ್ನಾಟಕದಲ್ಲಿ ಬೆಂಗಳೂರು ಮತ್ತು ಮಂಗಳೂರುಗಳಲ್ಲಿ ಈ ವ್ಯವಸ್ಥೆ ಇದೆ. ಇನ್ಸಾಟ್ ಸರಣಿಯ ಉಪಗ್ರಹಗಳು ಮೋಡಗಳ ಚಿತ್ರ ಕಳಿಸುತ್ತವೆ. 2024ರ ಫೆಬ್ರುವರಿ 17ರಂದು ಶ್ರೀಹರಿಕೋಟಾದಿಂದ ಉಡಾವಣೆಯಾದ ಇನ್ಸಾಟ್-3ಡಿಎಸ್ ಈ ಸರಣಿಗೆ ಸೇರಿದ್ದು. ಡಾಪ್ಲರ್ ರಾಡಾರ್ ಮೋಡದೊಳಗಿನ ಹನಿಗಳ ಪ್ರಮಾಣವನ್ನೂ ಅವು ಚಲಿಸುವ ವೇಗವನ್ನೂ ತೋರಿಸುತ್ತದೆ. ಇಲಾಖೆಯ ಮೊದಲ ಡಾಪ್ಲರ್ ರಾಡಾರ್ 2002ರಲ್ಲಿ ಚೆನ್ನೈನಲ್ಲಿ ಕೆಲಸ ಆರಂಭಿಸಿತು.

ಗಣಕ ಮಾದರಿ. ವೀಕ್ಷಣೆಯ ಅಂಕಿಗಳನ್ನು ಸೂಪರ್ ಕಂಪ್ಯೂಟರಿಗೆ ಉಣಿಸಿ, ವಾತಾವರಣವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ಮುಂದಿನ ಸ್ಥಿತಿಯನ್ನು ಲೆಕ್ಕ ಹಾಕಲಾಗುತ್ತದೆ. ಇಲಾಖೆ ಬಳಸುವ ಜಾಗತಿಕ ಮಾದರಿಯ ಚೌಕ ಸುಮಾರು 12 ಕಿ.ಮೀ. ಅಗಲದ್ದಾಗಿತ್ತು, 2025ರ ಮೇ 26ರಂದು ಬಿಡುಗಡೆಯಾದ ‘ಭಾರತ್ ಮುನ್ಸೂಚನಾ ವ್ಯವಸ್ಥೆ’ ಇದನ್ನು 6 ಕಿ.ಮೀ.ಗೆ ಇಳಿಸಿತು. ಆರಂಭಿಕ ಸ್ಥಿತಿಯಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಮಾಡಿ ಒಂದೇ ಮಾದರಿಯನ್ನು ಅನೇಕ ಬಾರಿ ಓಡಿಸುವ ಪದ್ಧತಿಗೆ ಸಮೂಹ ಮುನ್ಸೂಚನೆ ಎಂದು ಹೆಸರು. ಹೆಚ್ಚಿನ ಫಲಿತಾಂಶಗಳು ಒಂದೇ ಕಡೆ ಬೆರಳು ಮಾಡಿದರೆ ಸಂಭವನೀಯತೆ ಹೆಚ್ಚೆಂದು, ಚದುರಿದರೆ ಕಡಿಮೆಯೆಂದು ತಿಳಿಯಲಾಗುತ್ತದೆ.

ವಿಶ್ಲೇಷಣೆ ಮತ್ತು ಪ್ರಕಟಣೆ. ಮಾದರಿಗಳ ಫಲಿತಾಂಶ, ನಕ್ಷೆ, ಉಪಗ್ರಹ ಚಿತ್ರಗಳನ್ನು ಹೋಲಿಸಿ ತಜ್ಞರು ಅಂತಿಮ ಪಠ್ಯ ಸಿದ್ಧಪಡಿಸುತ್ತಾರೆ. ದೆಹಲಿಯ ರಾಷ್ಟ್ರೀಯ ಹವಾಮಾನ ಮುನ್ಸೂಚನಾ ಕೇಂದ್ರ ದಿನಕ್ಕೆ ನಾಲ್ಕು ಬಾರಿ ಅಖಿಲ ಭಾರತ ವರದಿ ಹೊರಡಿಸುತ್ತದೆ. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಾ, ನಾಗಪುರ, ಗುವಾಹಟಿಗಳ ಪ್ರಾದೇಶಿಕ ಕೇಂದ್ರಗಳು ಮತ್ತು ಅವುಗಳ ಅಡಿಯ ರಾಜ್ಯ ಕೇಂದ್ರಗಳು ಅದನ್ನು ತಮ್ಮ ವ್ಯಾಪ್ತಿಗೆ ವಿವರಿಸುತ್ತವೆ. ಬೆಂಗಳೂರು ಕೇಂದ್ರ ಚೆನ್ನೈ ಪ್ರಾದೇಶಿಕ ಕೇಂದ್ರದ ವ್ಯಾಪ್ತಿಗೆ ಸೇರಿದೆ.

ಪದಗಳು ಮತ್ತು ಅಳತೆಗಳು

ಮುನ್ಸೂಚನೆಯ ಪಠ್ಯದಲ್ಲಿ ಬರುವ ಪ್ರತಿಯೊಂದು ಮಾತಿಗೂ ನಿಗದಿತ ಅಳತೆ ಇದೆ.

24 ಗಂಟೆಗಳ ಮಳೆಯ ಪ್ರಮಾಣ:
– ಅತಿ ಹಗುರ: 0.1ರಿಂದ 2.4 ಮಿ.ಮೀ.
– ಹಗುರ: 2.5ರಿಂದ 15.5 ಮಿ.ಮೀ.
– ಸಾಧಾರಣ: 15.6ರಿಂದ 64.4 ಮಿ.ಮೀ.
– ಭಾರಿ: 64.5ರಿಂದ 115.5 ಮಿ.ಮೀ.
– ಅತಿ ಭಾರಿ: 115.6ರಿಂದ 204.4 ಮಿ.ಮೀ.
– ಅತ್ಯಂತ ಭಾರಿ: 204.5 ಮಿ.ಮೀ. ಮತ್ತು ಮೇಲ್ಪಟ್ಟು.

ಕನಿಷ್ಠ 2.5 ಮಿ.ಮೀ. ಬಿದ್ದ ದಿನವನ್ನು ಮಾತ್ರ ಮಳೆಯ ದಿನವೆಂದು ಎಣಿಸುತ್ತಾರೆ.

ಮಳೆಯ ಹರವು:
– ಒಂದೆರಡು ಕಡೆ: ಆ ಪ್ರದೇಶದ ಶೇ 25ರಷ್ಟು ಅಥವಾ ಅದಕ್ಕೂ ಕಡಿಮೆ ಮಾಪನ ಕೇಂದ್ರಗಳಲ್ಲಿ.
– ಕೆಲವು ಕಡೆ: ಶೇ 26ರಿಂದ 50.
– ಹಲವು ಕಡೆ: ಶೇ 51ರಿಂದ 75.
– ಬಹುತೇಕ ಎಲ್ಲ ಕಡೆ: ಶೇ 76ರಿಂದ 100.

ಬಣ್ಣಗಳು: ಹಸಿರು ಎಂದರೆ ಎಚ್ಚರಿಕೆ ಇಲ್ಲ, ಹಳದಿ ಎಂದರೆ ಬೆಳವಣಿಗೆಯ ಮೇಲೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. ಬಣ್ಣ ಮಳೆಯ ಪ್ರಮಾಣವನ್ನಷ್ಟೇ ಸೂಚಿಸುವುದಿಲ್ಲ. ಘಟನೆ ನಡೆಯುವ ಸಾಧ್ಯತೆ ಮತ್ತು ಅದರಿಂದಾಗುವ ಪರಿಣಾಮಗಳನ್ನು ಕೂಡಿಸಿ ಅದನ್ನು ನಿರ್ಧರಿಸಲಾಗುತ್ತದೆ.

ಗಾಳಿಯ ವಿಚಾರದಲ್ಲಿ, ಗುಡುಗು ಮಳೆಯೊಡನೆ ಬರುವ ರಭಸದ ಗಾಳಿ ಗಂಟೆಗೆ 41ರಿಂದ 61 ಕಿ.ಮೀ. ಇದ್ದರೆ ಸಾಧಾರಣ, 62 ಕಿ.ಮೀ. ಅಥವಾ ಹೆಚ್ಚಿದ್ದರೆ ತೀವ್ರ ಎನ್ನುತ್ತಾರೆ.

ಉದಾಹರಣೆಗೆ, ‘ಉತ್ತರ ಒಳನಾಡು ಕರ್ನಾಟಕದ ಒಂದೆರಡು ಕಡೆ ಗುಡುಗು ಸಹಿತ ಹಗುರ ಮಳೆ’ ಎಂಬ ಪಠ್ಯವನ್ನು ಹೀಗೆ ಓದಬೇಕು: ಬೆಳಿಗ್ಗೆ 8.30ರಿಂದ ಮರುದಿನ 8.30ರೊಳಗೆ, ಬೀದರ್‌ನಿಂದ ಹಾವೇರಿಯವರೆಗಿನ ಹರವಿನಲ್ಲಿ, ನೂರು ಮಾಪನ ಕೇಂದ್ರಗಳಿದ್ದರೆ ಹೆಚ್ಚೆಂದರೆ 25ರಲ್ಲಿ, 15.5 ಮಿ.ಮೀ. ಮೀರದ ಮಳೆ. ರೋಣದಲ್ಲಿ ಸುರಿದು ಯಾವಗಲ್‌ನಲ್ಲಿ ಒಂದು ಹನಿಯೂ ಬೀಳದಿದ್ದರೂ ಆ ಮುನ್ಸೂಚನೆ ಸರಿಯಾದದ್ದೇ.

ಕರ್ನಾಟಕದ ವ್ಯವಸ್ಥೆ

ದೇಶದ 36 ಹವಾಮಾನ ಉಪವಿಭಾಗಗಳಲ್ಲಿ ಮೂರು ಕರ್ನಾಟಕದವು: ಕರಾವಳಿ, ಉತ್ತರ ಒಳನಾಡು ಮತ್ತು ದಕ್ಷಿಣ ಒಳನಾಡು. ಗದಗ ಜಿಲ್ಲೆ ಉತ್ತರ ಒಳನಾಡಿಗೆ ಸೇರಿದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಸಂಸ್ಥೆ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಬೆಂಗಳೂರಿನ ಯಲಹಂಕ ಬಳಿ ಅದರ ಕಚೇರಿ ಇದೆ. ಗ್ರಾಮ ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಮಾಪನ ಕೇಂದ್ರ ಎಂಬ ಜಾಲವನ್ನು ಅದು ಕಟ್ಟಿದೆ. ಈ ಜಾಲದ ಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿಗೆ ಕರೆ ಮಾಡಿ ರೈತರು ತಮ್ಮ ಊರಿನ ಮಳೆ, ಗಾಳಿ, ಉಷ್ಣಾಂಶಗಳ ಮುನ್ಸೂಚನೆಯನ್ನು ಹಗಲಿರುಳು ಕನ್ನಡದಲ್ಲಿ ಕೇಳಬಹುದು.

ಕೃಷಿ ಸಲಹೆಯ ಹೊಣೆ ಕೃಷಿ ವಿಶ್ವವಿದ್ಯಾಲಯಗಳ ಕೃಷಿ ಹವಾಮಾನ ಕ್ಷೇತ್ರ ಘಟಕಗಳದು. ರೋಣ ಮತ್ತು ನರಗುಂದ ಉತ್ತರ ಒಣವಲಯಕ್ಕೆ ಸೇರಿದ್ದು, ಈ ವಲಯದ ಘಟಕ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ ವಿಜಯಪುರದಲ್ಲಿದೆ. ಗ್ರಾಮೀಣ ಕೃಷಿ ಹವಾಮಾನ ಸೇವೆಯಡಿ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಮುಂದಿನ ಐದು ದಿನಗಳ ಹವೆಯೂ ಬೆಳೆವಾರು ಸಲಹೆಯೂ ಹೊರಡುತ್ತವೆ. 2019ರಲ್ಲಿ ಬಂದ ‘ಮೇಘದೂತ್’ ಆ್ಯಪ್ ಇದನ್ನು ಕನ್ನಡದಲ್ಲೂ ಕೊಡುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಸಮೀಪದಲ್ಲಿ ಸಿಡಿಲು ಬಡಿಯುತ್ತಿದ್ದರೆ ಎಚ್ಚರಿಸುತ್ತದೆ.

ರೋಣ, ನರಗುಂದ, ಗಜೇಂದ್ರಗಡ ಭಾಗದಲ್ಲಿ ಬಳಕೆ

ಮಲಪ್ರಭಾ ಮತ್ತು ಬೆಣ್ಣೆಹಳ್ಳಗಳ ಬಯಲಿನ ಈ ಭಾಗ ಆಳವಾದ ಕಪ್ಪು ಎರೆಮಣ್ಣಿನ ನಾಡು. ವರ್ಷದ ಸರಾಸರಿ ಮಳೆ ಸುಮಾರು 600 ಮಿ.ಮೀ.; ಜನವರಿ-ಫೆಬ್ರುವರಿಯ ಪಾಲು ಕೆಲವೇ ಮಿ.ಮೀ. ಮುಂಗಾರಿನಲ್ಲಿ ಹೆಸರು ಬೆಳೆದ ಹೊಲಕ್ಕೂ, ಹಾಗೇ ಬಿಟ್ಟ ಹೊಲಕ್ಕೂ ಅಕ್ಟೋಬರ್ ವೇಳೆಗೆ ಕಡಲೆ, ಬಿಳಿಜೋಳ, ಕುಸುಬೆ, ಗೋದಿ ಬಿತ್ತುತ್ತಾರೆ. ಮಣ್ಣು ಹಿಡಿದಿಟ್ಟುಕೊಂಡ ತೇವಾಂಶ ಮತ್ತು ಇಬ್ಬನಿಯಲ್ಲೇ ಬೆಳೆ ಬರುತ್ತದೆ. ಮಲಪ್ರಭಾ ಕಾಲುವೆಯ ನೀರು ಮುಟ್ಟುವ ಕಡೆ ಹತ್ತಿ, ಗೋವಿನಜೋಳ, ಉಳ್ಳಾಗಡ್ಡಿಯೂ ಇವೆ.

ಕಡಲೆ ಫೆಬ್ರುವರಿಯಲ್ಲಿ ಕೊಯ್ಲಿಗೆ ಬರುತ್ತದೆ. ಗಿಡ ಕಿತ್ತು ಗೂಡು ಹಾಕಿ, ಕೆಲ ದಿನ ಒಣಗಿಸಿ, ಯಂತ್ರದಲ್ಲಿ ರಾಶಿ ಮಾಡುತ್ತಾರೆ. ಗೂಡಿನಲ್ಲಿರುವಾಗ ಮಳೆ ಬಿದ್ದರೆ ಕಾಯಿ ತೊಯ್ದು ಕಾಳಿನ ಬಣ್ಣ ಕೆಡುತ್ತದೆ, ಮೊಳಕೆಯೊಡೆಯಬಹುದು. ಹೊಟ್ಟು ಬೂಸ್ಟು ಹಿಡಿದು ದನ ಮೂಸುವುದಿಲ್ಲ. ಬಿಳಿಜೋಳ ಫೆಬ್ರುವರಿ-ಮಾರ್ಚ್‌ನಲ್ಲಿ ತೆನೆ ಕಟ್ಟಿ ನಿಂತಿರುತ್ತದೆ. ಗಾಳಿಗೆ ದಂಟು ಬಿದ್ದರೆ ಕೊಯ್ಲಿನ ಖರ್ಚು ಹೆಚ್ಚು, ತೆನೆ ನೆನೆದರೆ ಕಾಳು ಕಪ್ಪಾಗಿ ಪೇಟೆಯಲ್ಲಿ ದರ ಬೀಳುತ್ತದೆ, ಕಣಕಿಯ ಗುಣವೂ ಇಳಿಯುತ್ತದೆ. ಕಣದಲ್ಲಿ ಹರವಿದ ಒಣಮೆಣಸಿನಕಾಯಿಗೂ ಇದೇ ಅಪಾಯ.

ಇಲ್ಲಿ ಅಲ್ಪಾವಧಿ ಮುನ್ಸೂಚನೆ ಮೂರು ನಿರ್ಧಾರಗಳಿಗೆ ನೆರವಾಗುತ್ತದೆ. ಮೂರನೆಯ ದಿನದ ಮುನ್ಸೂಚನೆಯಲ್ಲಿ ಮಳೆಯ ಮಾತಿದ್ದರೆ ಹೊಸದಾಗಿ ಗಿಡ ಕೀಳುವುದನ್ನು ಮುಂದೂಡಬಹುದು ಅಥವಾ ಬಲಿತದ್ದನ್ನು ಬೇಗ ಮುಗಿಸಬಹುದು. ಮೊದಲ ದಿನದ ಮುನ್ಸೂಚನೆಯಲ್ಲಿದ್ದರೆ ಗೂಡು, ಬಣವೆಗಳ ಮೇಲೆ ತಾಡಪತ್ರಿ ಹಾಸಿ ಅಂಚಿಗೆ ಕಲ್ಲು ಹೇರುವುದು, ಔಷಧ ಸಿಂಪಡಣೆ ನಿಲ್ಲಿಸುವುದು, ಕಾಲುವೆ ನೀರು ಬಿಡುವುದನ್ನು ತಡೆಯುವುದು ಸಾಧ್ಯ. ನೌಕಾಸ್ಟ್ ಬಂದರೆ ಹೊಲದಲ್ಲಿರುವವರು ಮತ್ತು ಕುರಿಗಾಹಿಗಳು ಮರದ ಕೆಳಗೆ ನಿಲ್ಲದೆ ಪಕ್ಕಾ ಕಟ್ಟಡ ಸೇರಲು ಸಮಯ ಸಿಗುತ್ತದೆ. ಮರಗಳೇ ವಿರಳವಾದ ಎರೆಬಯಲಿನಲ್ಲಿ ಒಂಟಿ ಮರಕ್ಕೆ ಸಿಡಿಲು ಬಡಿಯುವ ಸಂಭವ ಹೆಚ್ಚು.

ಮುನ್ಸೂಚನೆಯ ಪ್ರತಿಯನ್ನು ಬೆಳೆ ವಿಮೆಯ ಜೊತೆಗೂ ಇಟ್ಟುಕೊಳ್ಳುವುದು ಉಪಯುಕ್ತ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆಗೆ ಕೊಯ್ಲಾದ 14 ದಿನಗಳೊಳಗೆ ಆಲಿಕಲ್ಲು ಅಥವಾ ಅಕಾಲಿಕ ಮಳೆಯಿಂದ ಹಾನಿಯಾದರೆ ಪರಿಹಾರಕ್ಕೆ ಅವಕಾಶವಿದೆ. ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕು.

ಸಾಂಪ್ರದಾಯಿಕ ಎಣಿಕೆ

ಕನ್ನಡ ರೈತರು ಸೂರ್ಯನಿರುವ ನಕ್ಷತ್ರದ ಹೆಸರಿನಿಂದ ಮಳೆಯನ್ನು ಗುರುತಿಸುತ್ತಾರೆ. ಒಂದೊಂದು ನಕ್ಷತ್ರದ ಅವಧಿ 13ರಿಂದ 14 ದಿನ. ಏಪ್ರಿಲ್ ಮಧ್ಯದ ಅಶ್ವಿನಿಯಿಂದ ಮಳೆಗಳ ಎಣಿಕೆ ಶುರು. ಧನಿಷ್ಠ, ಶತಭಿಷ, ಪೂರ್ವಾಭಾದ್ರಗಳು ಫೆಬ್ರುವರಿ-ಮಾರ್ಚ್‌ನಲ್ಲಿ ಬರುತ್ತವಾದರೂ ಬಿತ್ತನೆಯ ಲೆಕ್ಕದಲ್ಲಿ ಅವುಗಳಿಗೆ ಸ್ಥಾನವಿಲ್ಲ. ಆಗ ಬಿದ್ದದ್ದು ಅಕಾಲಿಕ ಮಳೆ. ಮಲೆನಾಡಿನ ಕಾಫಿ ಸೀಮೆಯಲ್ಲಿ ಮಾತ್ರ ಇದೇ ಕಾಲದ ಮಳೆಗೆ ಹೂಮಳೆ ಎಂಬ ಹೆಸರಿದ್ದು, ಕಾಫಿ ಹೂವರಳಲು ಅದು ಅಗತ್ಯ. ನಕ್ಷತ್ರದ ಎಣಿಕೆ ಋತುವಿನ ಸಾಮಾನ್ಯ ನಡೆಯನ್ನು ಹೇಳುತ್ತದೆ. ನಿರ್ದಿಷ್ಟ ವರ್ಷದ ನಿರ್ದಿಷ್ಟ ದಿನವನ್ನು ಹೇಳುವುದು ಅಲ್ಪಾವಧಿ ಮುನ್ಸೂಚನೆಯ ಕೆಲಸ.

ದಾಖಲಾರ್ಹ ಘಟನೆ: 2014

2014ರ ಫೆಬ್ರುವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮಹಾರಾಷ್ಟ್ರ ಹಾಗೂ ಅದಕ್ಕೆ ಹೊಂದಿಕೊಂಡ ಉತ್ತರ ಕರ್ನಾಟಕದ ಭಾಗಗಳಲ್ಲಿ ಆಲಿಕಲ್ಲು ಮಳೆ ಮತ್ತೆ ಮತ್ತೆ ಸುರಿಯಿತು. ಮರಾಠವಾಡಾ, ವಿದರ್ಭ, ಸೋಲಾಪುರ ಸೀಮೆಗಳಲ್ಲಿ ಗೋದಿ, ಜೋಳ, ಕಡಲೆ, ದ್ರಾಕ್ಷಿ, ದಾಳಿಂಬೆ ಬೆಳೆಗಳಿಗೆ ವ್ಯಾಪಕ ಹಾನಿಯಾಯಿತು. ಎತ್ತರದ ಪಶ್ಚಿಮ ಗಾಳಿಯ ತಗ್ಗು ಎಂದಿಗಿಂತ ದಕ್ಷಿಣಕ್ಕೆ ಇಳಿದು, ಕೆಳಮಟ್ಟದಲ್ಲಿ ಎರಡೂ ಸಮುದ್ರಗಳ ತೇವಾಂಶ ಕೂಡಿದ್ದು ಇದಕ್ಕೆ ಕಾರಣ. ಆಲಿಕಲ್ಲು ಬೀಳುವ ಪಟ್ಟಿ ಅಗಲದಲ್ಲಿ ಕಿರಿದಾಗಿದ್ದು, ಒಂದು ಊರಿನ ಬೆಳೆ ನೆಲಸಮವಾದರೆ ಪಕ್ಕದ ಊರಿನದು ಉಳಿಯುವುದು ಇಂಥ ಘಟನೆಗಳ ಸಾಮಾನ್ಯ ಲಕ್ಷಣ.

ನಿಖರತೆ ಮತ್ತು ಮಿತಿಗಳು

ಪಶ್ಚಿಮದ ಕ್ಷೋಭೆ ಸಾವಿರಾರು ಕಿ.ಮೀ. ಹರಡಿರುವ ವ್ಯವಸ್ಥೆಯಾದ್ದರಿಂದ ಅದರ ಆಗಮನವನ್ನು ಹಲವು ದಿನ ಮೊದಲೇ ಗುರುತಿಸಬಹುದು. ಗುಡುಗು ಮೋಡದ ಅಗಲ ಐದು-ಹತ್ತು ಕಿ.ಮೀ., ಒಂದು ಮೋಡದ ಆಯುಷ್ಯ ಒಂದು ಗಂಟೆಯ ಆಸುಪಾಸು, 6 ಕಿ.ಮೀ. ಚೌಕದ ಮಾದರಿಗೂ ಅದು ಬಿಡಿಯಾಗಿ ಕಾಣುವುದಿಲ್ಲ. ಆದ್ದರಿಂದ ಒಳನಾಡಿನ ಗುಡುಗು ಮಳೆಯ ಬಗ್ಗೆ, ಯಾವ ದಿನ, ಯಾವ ಪ್ರದೇಶ ಎಂಬುದನ್ನು ಮುನ್ಸೂಚನೆ ಸಾಕಷ್ಟು ನೆಚ್ಚುವಂತೆ ಹೇಳಬಲ್ಲದು. ಯಾವ ಊರು, ಎಷ್ಟು ಹೊತ್ತಿಗೆ ಎಂಬುದು ಮೋಡ ಬೆಳೆಯತೊಡಗಿದ ಮೇಲೆ ರಾಡಾರ್ ಮತ್ತು ಉಪಗ್ರಹದಿಂದಷ್ಟೇ ತಿಳಿಯುತ್ತದೆ. ಆರಂಭಿಕ ಸ್ಥಿತಿಯ ಸಣ್ಣ ದೋಷ ಕಾಲ ಸರಿದಂತೆ ಬೆಳೆಯುತ್ತದೆಂದು ಎಡ್ವರ್ಡ್ ಲೊರೆಂಜ್ 1963ರಲ್ಲಿ ತೋರಿಸಿದ. ಮೂರನೆಯ ದಿನಕ್ಕಿಂತ ಮೊದಲ ದಿನದ ಮುನ್ಸೂಚನೆ ಹೆಚ್ಚು ನಂಬಿಕೆಗೆ ಅರ್ಹವಾಗಲು ಇದೇ ಕಾರಣ.

ರಾಡಾರಿಗೂ ಮಿತಿಯಿದೆ. ಯಾವಗಲ್ ಗೋವಾದ ಪಣಜಿಯ ರಾಡಾರಿನಿಂದ ಸುಮಾರು 180 ಕಿ.ಮೀ. ದೂರ. ಭೂಮಿಯ ಬಾಗು ಮತ್ತು ಕಿರಣದ ಓರೆಯಿಂದಾಗಿ ಅಷ್ಟು ದೂರಕ್ಕೆ ಅತಿ ಕೆಳಗಿನ ಕಿರಣವೂ ನೆಲದಿಂದ ಸುಮಾರು ಮೂರು ಕಿ.ಮೀ. ಎತ್ತರದಲ್ಲಿ ಹಾಯುತ್ತದೆ. ಪಶ್ಚಿಮ ಘಟ್ಟದ ಸಾಲು ಅಡ್ಡಿ. ಮೋಡದ ತುದಿ ಕಂಡರೂ ಬುಡದ ಮಳೆ, ಗಾಳಿ ಸರಿಯಾಗಿ ಕಾಣುವುದಿಲ್ಲ.

ಮುನ್ಸೂಚನೆಯ ಗುಣವನ್ನು ಎರಡು ಅಳತೆಗಳಿಂದ ಪರೀಕ್ಷಿಸುತ್ತಾರೆ: ನಡೆದ ಘಟನೆಗಳಲ್ಲಿ ಎಷ್ಟನ್ನು ಮೊದಲೇ ಹೇಳಲಾಗಿತ್ತು ಎಂಬುದು ಪತ್ತೆಯ ಪ್ರಮಾಣ, ಹೇಳಿದವುಗಳಲ್ಲಿ ಎಷ್ಟು ನಡೆಯಲಿಲ್ಲ ಎಂಬುದು ಹುಸಿ ಎಚ್ಚರಿಕೆಯ ಪ್ರಮಾಣ. ಒಂದನ್ನು ಸುಧಾರಿಸಲು ಹೊರಟರೆ ಇನ್ನೊಂದು ಕೆಡುವ ಸಾಧ್ಯತೆ ಇರುವುದರಿಂದ ಎರಡನ್ನೂ ಜೊತೆಯಾಗಿಯೇ ನೋಡಬೇಕು.

ಇಂದಿನ ಸ್ಥಿತಿ

ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರ್ 11ರಂದು ₹2,000 ಕೋಟಿ ವೆಚ್ಚದ ‘ಮಿಷನ್ ಮೌಸಮ್’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇಲಾಖೆ 150 ವರ್ಷ ಪೂರೈಸಿದ 2025ರ ಜನವರಿ 14ರಂದು ಅದಕ್ಕೆ ಚಾಲನೆ ದೊರೆಯಿತು. ರಾಡಾರ್ ಜಾಲದ ವಿಸ್ತರಣೆ ಅದರ ಗುರಿಗಳಲ್ಲೊಂದು. ಮುನ್ಸೂಚನೆಗಾಗಿ ಪುಣೆಯ ‘ಅರ್ಕ’ ಮತ್ತು ನೋಯ್ಡಾದ ‘ಅರುಣಿಕ’ ಸೂಪರ್ ಕಂಪ್ಯೂಟರುಗಳು 2024ರ ಸೆಪ್ಟೆಂಬರ್ 26ರಂದು ಕಾರ್ಯಾರಂಭ ಮಾಡಿದವು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ವ್ಯವಸ್ಥೆ ಎಚ್ಚರಿಕೆಗಳನ್ನು ಆಯಾ ಪ್ರದೇಶದ ಮೊಬೈಲುಗಳಿಗೆ ಕಳಿಸುತ್ತದೆ. ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದ ಕೀರನ್ ಹಂಟ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜೆಟ್ ಗಾಳಿ ಉತ್ತರಕ್ಕೆ ಸರಿಯುವುದು ತಡವಾಗುತ್ತಿದ್ದು, ಪಶ್ಚಿಮದ ಕ್ಷೋಭೆಗಳ ಕಾಲ ಚಳಿಗಾಲದಾಚೆಗೂ ಚಾಚುತ್ತಿದೆ.

ಪಂಚಾಯತ್ ರಾಜ್ ಸಚಿವಾಲಯ ಮತ್ತು ಹವಾಮಾನ ಇಲಾಖೆ ಸೇರಿ 2024ರ ಅಕ್ಟೋಬರ್ 24ರಂದು ಗ್ರಾಮ ಪಂಚಾಯಿತಿ ಮಟ್ಟದ ಮುನ್ಸೂಚನೆಯನ್ನು ಆರಂಭಿಸಿದವು. ಐದು ದಿನಗಳ ಉಷ್ಣಾಂಶ, ಮಳೆ, ಗಾಳಿ ಮತ್ತು ಮೋಡದ ವಿವರಗಳು ‘ಇ-ಗ್ರಾಮ್ ಸ್ವರಾಜ್’ ಜಾಲತಾಣ ಹಾಗೂ ‘ಮೇರಿ ಪಂಚಾಯತ್’ ಆ್ಯಪ್‌ನಲ್ಲಿ ಸಿಗುತ್ತವೆ. ಹೀಗಾಗಿ ಹಿಂದೆ ಉಪವಿಭಾಗಕ್ಕೆ, ಆಮೇಲೆ ಜಿಲ್ಲೆಗೆ ಸೀಮಿತವಾಗಿದ್ದ ಮುನ್ಸೂಚನೆ ಇಂದು ಪಂಚಾಯಿತಿಯ ಹೆಸರಿನಲ್ಲೇ ದೊರೆಯುತ್ತದೆ. ಆದರೆ ಗುಡುಗು ಮಳೆಯ ವಿಚಾರದಲ್ಲಿ ಪಂಚಾಯಿತಿಯ ಹೆಸರಿದ್ದ ಮಾತ್ರಕ್ಕೆ ಅದರ ನಿಖರತೆ ಹೆಚ್ಚುವುದಿಲ್ಲ. ಐದು ದಿನಗಳ ಅಂಕಿಯನ್ನು ಯೋಜನೆಗೂ, ಅದೇ ದಿನದ ಮೂರು ಗಂಟೆಗಳ ಎಚ್ಚರಿಕೆಯನ್ನು ಕ್ರಮಕ್ಕೂ ಬಳಸುವುದು ಸರಿಯಾದ ವಿಧಾನ.